ಮನೆಯಲ್ಲೇ ದುಡಿಮೆ: ಮೊದಲು ಕೊಳ್ಳುವವರನ್ನು ಹುಡುಕಿ

ಮನೆಯಲ್ಲಿದ್ದುಕೊಂಡೇ ಮಾಡಬಹುದಾದ, ಮೋಸವಿಲ್ಲದ ದುಡಿಮೆ ಯಾವುದು ಎಂದು ಕೇಳಿ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು, ಪತ್ರಗಳನ್ನು ಮೊಟಕುಗೊಳಿಸಿ ಊರಿನ ಹೆಸರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ನಾನು ಬಿ.ಎ. ಮುಗಿಸಿದ ಗೃಹಿಣಿ. ಫೋನಿನಲ್ಲಿ ಬಂದ ಜಾಹೀರಾತು ನೋಡಿ ಡೇಟಾ ಎಂಟ್ರಿ ಕೆಲಸಕ್ಕೆ ಹೆಸರು ಕೊಟ್ಟು, ನೋಂದಣಿ ಶುಲ್ಕವೆಂದು 2,500 ರೂಪಾಯಿ ಕಟ್ಟಿದೆ. ಅವರು ಕಳಿಸಿದ ಪುಟಗಳನ್ನೆಲ್ಲ ನಿದ್ದೆಗೆಟ್ಟು ಟೈಪ್ ಮಾಡಿ ಕೊಟ್ಟ ಮೇಲೆ, ತಪ್ಪುಗಳು ಹೆಚ್ಚಾಗಿವೆ ಎಂದು ಸಂಬಳ ಕೊಡಲಿಲ್ಲ. ಈಗ ವಕೀಲರೆಂದು ಹೇಳಿಕೊಳ್ಳುವ ಒಬ್ಬರು, ಒಪ್ಪಂದ ಮುರಿದಿದ್ದಕ್ಕೆ 18,000 ರೂಪಾಯಿ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಎಂದು ದಿನಾಲೂ ಫೋನ್ ಮಾಡುತ್ತಿದ್ದಾರೆ. ಮನೆಯವರಿಗೆ ಹೇಳಿಲ್ಲ. ಏನು ಮಾಡಲಿ? ವಕೀಲರನ್ನು ಕೇಳಲು ದುಡ್ಡಿಲ್ಲ. — ಜಮಖಂಡಿ

ಉತ್ತರ: ತಂಗೀ, ಆ 18,000 ರೂಪಾಯಿಯಲ್ಲಿ ಒಂದು ಪೈಸೆಯನ್ನೂ ಕಟ್ಟಬೇಡಿ. ಒಮ್ಮೆ ಕಟ್ಟಿದರೆ ನೀವು ಹೆದರುವವರೆಂಬುದು ಅವರಿಗೆ ಖಾತ್ರಿಯಾಗುತ್ತದೆ, ಆಮೇಲೆ ಬೇರೆ ಹೆಸರಿನಲ್ಲಿ ಇನ್ನೊಂದು ಬೇಡಿಕೆ ಬರುತ್ತದೆ.

ಈ ಮೋಸ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ನಿಮ್ಮ ಅಂಜಿಕೆ ಅರ್ಧದಷ್ಟು ಇಳಿಯುತ್ತದೆ. ಟೈಪ್ ಮಾಡಲು ಕೊಡುವ ಪುಟಗಳು ಬೇಕೆಂದೇ ಮಸುಕಾಗಿರುತ್ತವೆ. ಶೇಕಡಾ 90ಕ್ಕಿಂತ ಹೆಚ್ಚು ಸರಿಯಿರಬೇಕೆಂಬ ಷರತ್ತು ಇರುತ್ತದೆ. ತಪ್ಪುಗಳನ್ನು ಎಣಿಸುವವರೂ ಅವರೇ ಆಗಿರುತ್ತಾರೆ. ನೀವು ನಿದ್ದೆಗೆಟ್ಟು ಟೈಪ್ ಮಾಡಿದ ಆ ಪುಟಗಳನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರೂ ಇಲ್ಲ, ಏಕೆಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ಸೌಲಭ್ಯ ಈಗ ಸಾಮಾನ್ಯ ಫೋನಿನಲ್ಲೂ ಸಿಗುತ್ತದೆ. ಅವರ ವ್ಯಾಪಾರವಿರುವುದು ನಿಮ್ಮ ನೋಂದಣಿ ಶುಲ್ಕದಲ್ಲಿ ಮತ್ತು ಆನಂತರ ಹುಟ್ಟಿಸುವ ಹೆದರಿಕೆಯಲ್ಲಿ.

ಕಾನೂನಿನ ಮಾತಿಗೆ ಬರೋಣ. ಒಪ್ಪಿಕೊಂಡ ಕೆಲಸವನ್ನು ಸರಿಯಾಗಿ ಮಾಡಿಕೊಡದಿರುವುದು ನಿಜವಾದ ಕಂಪನಿಯ ವಿಷಯದಲ್ಲಿಯೂ ಸಿವಿಲ್ ವ್ಯಾಜ್ಯವೇ ಹೊರತು ಬಂಧಿಸುವಂಥ ಅಪರಾಧವಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಮೋಸದಿಂದ ಪಡೆದ ಒಪ್ಪಿಗೆಯನ್ನು, ಮೋಸ ಹೋದವರು ರದ್ದುಪಡಿಸಬಹುದು. ಒಪ್ಪಂದ ಸಾಚಾ ಆಗಿದ್ದರೂ ಅದರಲ್ಲಿ ಬರೆದ ದಂಡದ ಮೊತ್ತವೆಲ್ಲ ತಾನಾಗಿ ಸಿಗುವುದಿಲ್ಲ. ನ್ಯಾಯಾಲಯವು ನ್ಯಾಯಸಮ್ಮತವೆಂದು ಕಂಡಷ್ಟು ಪರಿಹಾರವನ್ನು ಮಾತ್ರ ಕೊಡಿಸುತ್ತದೆ. ಯಾವ ನ್ಯಾಯಾಲಯವೂ ಫೋನ್ ಮಾಡಿ, ಇಷ್ಟು ಗಂಟೆಯೊಳಗೆ ಈ ಕ್ಯೂಆರ್ ಕೋಡಿಗೆ ದುಡ್ಡು ಹಾಕಿ ಎಂದು ಹೇಳುವುದಿಲ್ಲ. ಪೊಲೀಸರು ವಿಡಿಯೊ ಕರೆಯಲ್ಲಿ ಕೂಡಿಸಿ 'ಡಿಜಿಟಲ್ ಅರೆಸ್ಟ್' ಮಾಡುತ್ತಾರೆ ಎಂಬುದಕ್ಕೂ ನಮ್ಮ ಕಾನೂನಿನಲ್ಲಿ ಜಾಗವಿಲ್ಲ.

ಈಗ ಮಾಡಬೇಕಾದ ಕೆಲಸ. ಅವರ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಜಾಹೀರಾತು, ಒಪ್ಪಂದವೆಂದು ಕಳಿಸಿದ ಕಾಗದ, ನೋಟಿಸು, ಕರೆ ಬಂದ ನಂಬರುಗಳು, 2,500 ರೂಪಾಯಿ ಕಳಿಸಿದಾಗ ಬಂದ ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ), ಇವೆಲ್ಲವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ; ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿಯೂ ದಾಖಲಿಸಬಹುದು. ಹಣ ಹೋದ ಕೆಲವೇ ಗಂಟೆಗಳಲ್ಲಿ ಕರೆ ಮಾಡಿದವರಿಗೆ ಆ ಹಣವನ್ನು ಖಾತೆಯಲ್ಲೇ ತಡೆಹಿಡಿಸುವ ಅವಕಾಶ ಹೆಚ್ಚು. ನಿಮ್ಮ 2,500 ರೂಪಾಯಿ ವಾಪಸು ಬಂದೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ, ಆದರೆ ದೂರು ದಾಖಲಾಗಿದ್ದರೆ ಮುಂದಿನ ಬೆದರಿಕೆ ಕರೆಗೆ ನೀವು ಉತ್ತರ ಕೊಡುವ ಧಾಟಿಯೇ ಬದಲಾಗುತ್ತದೆ. ಬಾಗಲಕೋಟೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇಂಥ ಪ್ರಕರಣಗಳಿಗಾಗಿಯೇ ಇದೆ. ಆಧಾರ್ ಪ್ರತಿಯನ್ನು ಅವರಿಗೆ ಕಳಿಸಿದ್ದರೆ, ಆಧಾರ್ ಆ್ಯಪಿನಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಲಾಕ್ ಮಾಡಿಡಿ.

ವಕೀಲರನ್ನು ಕೇಳಲು ದುಡ್ಡಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಮಖಂಡಿಯ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಇನ್ನೊಂದು ಮಾತು: ಇವತ್ತೇ ಮನೆಯವರಿಗೆ ಹೇಳಿ. ನೀವು ಒಬ್ಬರೇ ಕುಳಿತು ಹೆದರುತ್ತಿದ್ದೀರಿ ಎಂಬುದರ ಮೇಲೆಯೇ ಆ ಜನರ ಧೈರ್ಯ ನಿಂತಿದೆ. ಮನೆ ನಡೆಸಲು ನಾಲ್ಕು ಕಾಸು ಸಂಪಾದಿಸಹೋದದ್ದರಲ್ಲಿ ತಲೆತಗ್ಗಿಸುವಂಥದ್ದು ಏನೂ ಇಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೂ ಕಡಕ್ ರೊಟ್ಟಿ ಚೆನ್ನಾಗಿ ಬಡಿಯುತ್ತೇವೆ. ಇದನ್ನೇ ವ್ಯಾಪಾರ ಮಾಡಬೇಕೆಂದಿದ್ದೇವೆ. ಸಾಲ ತೆಗೆದು ರೊಟ್ಟಿ ಮಷೀನ್ ಹಾಕಿದರೆ ಹೇಗೆ? ಲೈಸೆನ್ಸ್ ಬೇಕೆ? — ತಿಕೋಟಾ

ಉತ್ತರ: ನಿಮ್ಮ ಭಾಗದ ಬಿಳಿಜೋಳ, ಅದರಲ್ಲೂ ಹಿಂಗಾರಿಯ ಮಾಲದಂಡಿ, ರೊಟ್ಟಿಗೆ ಹೇಳಿ ಮಾಡಿಸಿದ ಜೋಳ. ಕೈಯಲ್ಲಿ ಕಸುಬೂ ಇದೆ. ಆದ್ದರಿಂದ ಈ ಪತ್ರಕ್ಕೆ ನಾನು ಸಂತೋಷದಿಂದ, ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ಮಷೀನಿನ ವಿಚಾರವನ್ನು ಈ ವರ್ಷಕ್ಕೆ ಪಕ್ಕಕ್ಕಿಡಿ. ರೊಟ್ಟಿ ಹೇಗೆ ಮಾಡುವುದೆಂಬ ಪ್ರಶ್ನೆ ನಿಮಗಿಲ್ಲ. ವಾರವಾರವೂ ಯಾರು ಒಯ್ಯುತ್ತಾರೆ ಎಂಬ ಪ್ರಶ್ನೆಯಿದೆ. ವಿಜಯಪುರದ ನಾಲ್ಕಾರು ಖಾನಾವಳಿಗಳಿಗೆ, ವಿದ್ಯಾರ್ಥಿ ನಿಲಯಗಳಿಗೆ, ಮದುವೆ ಅಡುಗೆ ಹಿಡಿಯುವವರ ಬಳಿಗೆ ಒಂದೊಂದು ಕಟ್ಟು ರೊಟ್ಟಿ ಹಿಡಿದು ಹೋಗಿ. ತಿಂದು ಚೆನ್ನಾಗಿದೆ ಎಂದವರ ಹೆಸರನ್ನು ಬರೆದುಕೊಳ್ಳಬೇಡಿ; ವಾರಕ್ಕೆ ಇಷ್ಟು ರೊಟ್ಟಿ ಬೇಕು, ಇಂಥ ದಿನ ದುಡ್ಡು ಕೊಡುತ್ತೇವೆ ಎಂದವರ ಹೆಸರನ್ನು ಮಾತ್ರ ಬರೆದುಕೊಳ್ಳಿ.

ಲೆಕ್ಕ ಹೀಗೆ ಹಾಕಿ. ಇಲ್ಲಿಯ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಪೇಟೆಯ ದರವನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಿ. ಒಂದು ಕಿಲೋ ಹಿಟ್ಟಿಗೆ ಗಿರಣಿ ಖರ್ಚು ಸೇರಿ 50 ರೂಪಾಯಿ, ಗ್ಯಾಸಿಗೆ 18, ಚೀಲ ಮತ್ತು ಚೀಟಿಗೆ 10, ಒಟ್ಟು 78 ರೂಪಾಯಿ ಎನ್ನೋಣ. ತೆಳ್ಳಗೆ ಬಡಿದರೆ 22 ರೊಟ್ಟಿ ಆಗುತ್ತವೆ, ಎರಡು ಮುರಿಯುತ್ತವೆ, 20 ಉಳಿಯುತ್ತವೆ. ರೊಟ್ಟಿಗೆ 6 ರೂಪಾಯಿಯಂತೆ ಮಾರಿದರೆ 120 ಬರುತ್ತದೆ, ಕೈಯಲ್ಲಿ 42 ಉಳಿಯುತ್ತದೆ. ಅದೇ ರೊಟ್ಟಿಯನ್ನು ದಲ್ಲಾಳಿಗೆ 5 ರೂಪಾಯಿಯಂತೆ ಕೊಟ್ಟರೆ ಉಳಿಯುವುದು 22 ಮಾತ್ರ. ರೊಟ್ಟಿಯ ಮೇಲೆ ಒಂದೇ ಒಂದು ರೂಪಾಯಿ ಬಿಟ್ಟುಕೊಟ್ಟರೆ ನಿಮ್ಮ ಕೂಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಒಂದು ಕಿಲೋ ಹಿಟ್ಟಿನ ರೊಟ್ಟಿ ಬಡಿದು, ಬೇಯಿಸಿ, ಆರಿಸಿ, ಕಟ್ಟು ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದಿಡಿ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಹೊತ್ತಿಗೆ ಬೆಲೆ ಕಟ್ಟುವ ರೂಢಿಯೇ ಇಲ್ಲ. ಮನೆಯ ದುಡಿಮೆಯಲ್ಲಿ ಸೋತವರಲ್ಲಿ ಹಲವರು ಸೋತಿದ್ದು ಇಲ್ಲಿಯೇ ಎಂಬುದು ನನ್ನ ಅನುಭವ. ಅತ್ತೆಯವರ ದುಡಿತವನ್ನೂ ಲೆಕ್ಕಕ್ಕೆ ಹಿಡಿಯಿರಿ.

ರೊಟ್ಟಿಯ ಮೇಲಷ್ಟೇ ನಿಲ್ಲಬೇಡಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗಳಲ್ಲಿ ಸಾಮಾನ್ಯವಾಗಿ ರೊಟ್ಟಿಗಿಂತ ಹೆಚ್ಚು ಉಳಿತಾಯವಿದೆ, ಸಾಗಿಸುವಾಗ ಮುರಿಯುವ ಭಯವೂ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಮುಂಗಡವಾಗಿ ಆರ್ಡರ್ ಹಿಡಿಯಬಹುದು. ಕೆಡುವ ವಿಷಯದಲ್ಲಿ ಒಂದು ಎಚ್ಚರ: ರೊಟ್ಟಿ ಹಂಚಿನಿಂದ ಇಳಿದ ಮೇಲೆ ಪೂರ್ತಿ ಆರದೆ ಪ್ಲಾಸ್ಟಿಕ್ ಚೀಲಕ್ಕೆ ಸೇರಿದರೆ ಒಳಗೆ ಆವಿ ಕಟ್ಟಿ ಬೂಸರು ಬರುತ್ತದೆ. ಬಿಳಿ ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಹರವಿ, ಬಗ್ಗಿಸಿದರೆ ಟಕ್ಕೆಂದು ಮುರಿಯುವಷ್ಟು ಒಣಗಿದ ಮೇಲೆಯೇ ಕಟ್ಟಬೇಕು. ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು, ಆ ತಿಂಗಳುಗಳಲ್ಲಿ ಕಡಿಮೆ ಆರ್ಡರ್ ಒಪ್ಪಿಕೊಳ್ಳಿ.

ಲೈಸೆನ್ಸ್ ವಿಚಾರ. ಮಾರುವ ಸಲುವಾಗಿ ಆಹಾರ ತಯಾರಿಸುವವರು, ಮನೆಯಲ್ಲೇ ಮಾಡಿದರೂ, ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಲೈಸೆನ್ಸ್ ನಿಮಗೆ ಬೇಕಿಲ್ಲ, ಸಣ್ಣ ತಯಾರಕರಿಗಿರುವ ನೋಂದಣಿ ಸಾಕು. 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿನವರನ್ನು ಈ ಸಣ್ಣ ತಯಾರಕರ ಸಾಲಿನಲ್ಲಿ ಇಟ್ಟು, ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತುಪಡಿಸಿದವು. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಶುಲ್ಕವನ್ನು ಸರ್ಕಾರದ ಫಾಸ್ಕಾಸ್ ಪೋರ್ಟಲಿನಲ್ಲಿಯೇ ನೋಡಿಕೊಳ್ಳಿ. ನೋಂದಣಿ ಮಾಡಿಸಿಕೊಡುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರಿಗೆ ಕೊಡಬೇಡಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಚೀಟಿಯ ಮೇಲೆ ಹಾಕಿಸಿ. ಅದರ ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದೆ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಗರಿಷ್ಠ ಬೆಲೆ, ನಿಮ್ಮ ವಿಳಾಸ ಮತ್ತು ಸಸ್ಯಾಹಾರದ ಹಸಿರು ಗುರುತು ಇರಬೇಕು. ಶೇಂಗಾ ಇರುವ ಪದಾರ್ಥದ ಮೇಲೆ ಅದನ್ನು ಎದ್ದು ಕಾಣುವಂತೆ ಬರೆಯಲೇಬೇಕು, ಶೇಂಗಾ ಒಗ್ಗದವರು ಇರುತ್ತಾರೆ.

ಆರ್ಡರ್ ಸ್ಥಿರವಾಗಿ ಬರತೊಡಗಿ, ನಿಮ್ಮ ಇಬ್ಬರ ಕೈಗೆ ಸಾಲದಾದಾಗ ಸಾಲದ ಮಾತು. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಮಷೀನ್ ಹಾಕುವಷ್ಟು ವ್ಯಾಪಾರ ಬೆಳೆದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯ ಬಗ್ಗೆ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಅದರಲ್ಲಿ ಸಾಲಕ್ಕೆ ಜೋಡಿಸಿದ ಶೇಕಡಾ 35ರ ಸಹಾಯಧನದ ಮೇಲೆ ನಮ್ಮ ರಾಜ್ಯ ಸರ್ಕಾರ ಶೇಕಡಾ 15ನ್ನು ಸೇರಿಸಿ ಕೊಟ್ಟಿದೆ. ಸಹಾಯಧನ ಇದೆಯೆಂಬ ಒಂದೇ ಕಾರಣಕ್ಕೆ ಸಾಲ ತೆಗೆಯುವುದು ಮಾತ್ರ ಬೇಡ. ಉಳಿದ ಸಾಲದ ಕಂತು, ರೊಟ್ಟಿ ಮಾರಾಟವಾದ ತಿಂಗಳಲ್ಲಿಯೂ ಬರುತ್ತದೆ, ಆಗದ ತಿಂಗಳಲ್ಲಿಯೂ ಬರುತ್ತದೆ.

ಪ್ರಶ್ನೆ: ನಾನು ಬಿ.ಕಾಂ. ಪದವೀಧರೆ. ಮದುವೆಗೆ ಮೊದಲು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುತ್ತವೆ. ಎರಡು ವರ್ಷದ ಮಗುವಿದೆ. ಆನ್‌ಲೈನ್ ಕೆಲಸದಲ್ಲಿ ನಿಜವಾದದ್ದು ಯಾವುದಾದರೂ ಇದೆಯೇ? — ಶಹಾಪುರ, ಬೆಳಗಾವಿ

ಉತ್ತರ: ಇದೆ. ಆದರೆ ನಿಮ್ಮ ವಿಷಯದಲ್ಲಿ ಅದನ್ನು ಪರದೇಶದ ಗಿರಾಕಿಗಳಲ್ಲಿ ಹುಡುಕುವುದಕ್ಕಿಂತ ಮೊದಲು ಉದ್ಯಮಬಾಗದಲ್ಲಿ ಹುಡುಕಬೇಕು ಎನ್ನುತ್ತೇನೆ. ಅಲ್ಲಿ ಎರಕದ ಕಾರ್ಖಾನೆಗಳು, ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳು ಸಾಲುಸಾಲಾಗಿವೆ. ಅವುಗಳಲ್ಲಿ ಎಷ್ಟೋ ಘಟಕಗಳಿಗೆ ಪೂರ್ಣಾವಧಿಯ ಅಕೌಂಟಂಟರನ್ನು ಇಟ್ಟುಕೊಳ್ಳುವಷ್ಟು ಕೆಲಸವಿಲ್ಲ, ಆದರೆ ದಿನದ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶಕ್ಕೆ ಏರಿಸುವುದು, 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಇ-ವೇ ಬಿಲ್ ತೆಗೆಯುವುದು, ಬರಬೇಕಾದ ಬಾಕಿಯ ಪಟ್ಟಿ ಮಾಡುವುದು, ತಿಂಗಳ ಜಿಎಸ್‌ಟಿ ವಿವರ ಸಿದ್ಧಪಡಿಸುವುದು ಎಲ್ಲರಿಗೂ ಇದ್ದೇ ಇದೆ. ಬಿಲ್ಲುಗಳ ಫೋಟೊ ವಾಟ್ಸಾಪಿನಲ್ಲಿ ಬಂದರೆ ಈ ಕೆಲಸವನ್ನು ಮಗು ಮಲಗಿದ ಹೊತ್ತಿನಲ್ಲಿ ಮಾಡಬಹುದು. ನಿಮ್ಮ ಹಳೆಯ ಕಚೇರಿಯವರ ಪರಿಚಯದಿಂದ ಒಬ್ಬ ತೆರಿಗೆ ಸಲಹೆಗಾರರನ್ನು ಕಂಡು, ಅವರಲ್ಲಿ ಉಳಿದುಹೋಗುವ ಎಂಟ್ರಿ ಕೆಲಸವನ್ನು ಕೇಳಿ. ರಿಟರ್ನ್ಸ್ ಸಲ್ಲಿಸುವ ದಿನಾಂಕ ಹತ್ತಿರವಾದಂತೆ ಅವರಿಗೆ ಕೈಗಳು ಸಾಲುವುದಿಲ್ಲ.

ಮೂರು ಭಾಷೆ ಬರುವುದು ಬೆಳಗಾವಿಯ ಜನಕ್ಕೆ ಸಹಜವಾಗಿರುವುದರಿಂದ ನೀವು ಅದನ್ನೊಂದು ಕಸುಬು ಎಂದು ಎಣಿಸಿಲ್ಲ. ಅನುವಾದ, ಧ್ವನಿಮುದ್ರಣವನ್ನು ಕೇಳಿ ಬರೆದುಕೊಡುವುದು, ವಿಡಿಯೊಗಳಿಗೆ ಅಡಿಬರಹ ಬರೆಯುವುದು, ಕನ್ನಡದ ಧ್ವನಿ ಮತ್ತು ಪಠ್ಯವನ್ನು ಪರಿಶೀಲಿಸಿ ಕೊಡುವುದು, ಇವುಗಳಿಗೆ ದುಡ್ಡು ಕೊಡುವ ಸಂಸ್ಥೆಗಳಿವೆ. ಅಪ್‌ವರ್ಕ್, ಫೈವರ್ ಮುಂತಾದ ತಾಣಗಳಲ್ಲಿ ಇಂಥ ಕೆಲಸಗಳು ಬರುತ್ತವೆ. ತಾಣದವರು ನಿಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ಮುರಿದುಕೊಳ್ಳುತ್ತಾರೆ. ಮೊದಲ ಕೆಲವು ತಿಂಗಳು ಗಳಿಕೆ ಅತ್ಯಲ್ಪವಾಗಿರುವುದು ಸಾಮಾನ್ಯ, ಮನೆಖರ್ಚಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಗಿರಾಕಿಯೊಬ್ಬರು ಮಾತುಕತೆಯನ್ನು ತಾಣದಿಂದ ಟೆಲಿಗ್ರಾಮಿಗೆ ಎಳೆದರೆ, ಅಥವಾ ಕೆಲಸ ಕೊಡುವ ಮೊದಲು ಭದ್ರತಾ ಠೇವಣಿ, ತರಬೇತಿ ಶುಲ್ಕ, ಐಡಿ ಶುಲ್ಕ ಎಂದು ಏನನ್ನಾದರೂ ಕೇಳಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಕನ್ನಡ ಟೈಪಿಂಗನ್ನು ಯುನಿಕೋಡಿನಲ್ಲಿ (ಎಲ್ಲ ಫೋನು, ಕಂಪ್ಯೂಟರುಗಳಲ್ಲಿ ಓದಲು ಬರುವ ಅಕ್ಷರ ವ್ಯವಸ್ಥೆಯಲ್ಲಿ) ಕಲಿಯಿರಿ. ಹಳೆಯ ಅಕ್ಷರಶೈಲಿಗಳಲ್ಲಿ ಮಾತ್ರ ಟೈಪ್ ಮಾಡಬಲ್ಲವರಿಗೆ ಈ ಕೆಲಸಗಳಲ್ಲಿ ಅವಕಾಶ ಕಡಿಮೆ.

ಕೆಲಸ ಕೊಡುವ ಕಂಪನಿ ನಿಜವೇ ಎಂದು ನೋಡಲು, ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿಯ ಹೆಸರನ್ನೂ ಜಿಎಸ್‌ಟಿ ತಾಣದಲ್ಲಿ ಅದರ ಜಿಎಸ್‌ಟಿ ಸಂಖ್ಯೆಯನ್ನೂ ಹಾಕಿ ಪರೀಕ್ಷಿಸಿ. ದೊಡ್ಡ ಕಂಪನಿಯ ಹೆಸರನ್ನು ಕದ್ದು ಬಳಸುವವರೂ ಇರುವುದರಿಂದ, ಆ ಕಂಪನಿಯ ಸ್ವಂತ ತಾಣದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಅಗರಬತ್ತಿ ಮಷೀನ್ ಮಾರುವ ಕಂಪನಿಯವರು, ತಯಾರಿಸಿದ್ದನ್ನೆಲ್ಲ ತಾವೇ ವಾಪಸು ಕೊಳ್ಳುತ್ತೇವೆ ಎಂದು ಬಾಂಡ್ ಬರೆದುಕೊಡುತ್ತಾರಂತೆ. ಹೊಲದ ಮೇಲೆ ಸಾಲ ಮಾಡಿ 1,20,000 ರೂಪಾಯಿ ಕೊಡಬೇಕೆಂದಿದ್ದೇನೆ. 10,000 ಮುಂಗಡ ಕೊಟ್ಟಾಗಿದೆ. — ಬೈಲಹೊಂಗಲ

ಉತ್ತರ: ಉಳಿದ ಹಣವನ್ನು ತಡೆಹಿಡಿಯಿರಿ. ಇಂಥ ವ್ಯವಹಾರಗಳಲ್ಲಿ ಕಂಪನಿಯ ಲಾಭ ಮಷೀನ್ ಮಾರಿದ ದಿನವೇ ಮುಗಿದುಹೋಗಿರುತ್ತದೆ. ಬತ್ತಿ ಕೊಳ್ಳುವುದರಲ್ಲಿ ಅವರಿಗೆ ಗರಜು ಇರುವುದಿಲ್ಲ. ಮೊದಲ ಒಂದೆರಡು ಸಲ ಬತ್ತಿ ಒಯ್ದು, ಆಮೇಲೆ ತೇವ ಹೆಚ್ಚಾಗಿದೆ, ಡೊಂಕಾಗಿದೆ, ಬಣ್ಣ ಸರಿಯಿಲ್ಲ ಎಂದು ತಿರಸ್ಕರಿಸುವುದು ಹಳೆಯ ಆಟ. ಬಾಂಡಿನಲ್ಲಿ 'ಗುಣಮಟ್ಟ ಸರಿಯಿದ್ದರೆ' ಎಂಬ ಮಾತು ಇದೆಯೇ ನೋಡಿ. ಆ ಗುಣಮಟ್ಟವನ್ನು ಅಳೆಯುವವರು ಯಾರು, ಯಾವ ಅಳತೆಯಿಂದ ಎಂದು ಬರೆಯದೇ ಇದ್ದರೆ ಆ ಬಾಂಡಿನಿಂದ ನಿಮಗೆ ಪ್ರಯೋಜನವಿಲ್ಲ.

ಅವರಿಂದ ಮಷೀನ್ ಕೊಂಡು ಒಂದು ವರ್ಷ ಕಳೆದ ಮೂವರ ಮನೆಗೆ ಹೋಗಿ ಬನ್ನಿ. ಆ ಮೂವರನ್ನು ಕಂಪನಿಯವರು ತೋರಿಸಬಾರದು, ನೀವೇ ಹುಡುಕಬೇಕು. ಮಷೀನ್ ಓಡುತ್ತಿದೆಯೇ ಎಂದು ನೋಡಿ, ಪಾಸ್‌ಬುಕ್ಕಿನಲ್ಲಿ ಕಂಪನಿಯಿಂದ ತಿಂಗಳು ತಿಂಗಳು ದುಡ್ಡು ಬಂದಿದೆಯೇ ಎಂದು ಕೇಳಿ. ಮೂವರಲ್ಲಿ ಒಬ್ಬರ ಮಷೀನೂ ಓಡುತ್ತಿಲ್ಲವಾದರೆ ನಿಮಗೆ ಉತ್ತರ ಸಿಕ್ಕಂತೆ. ಇದೇ ಪರೀಕ್ಷೆಯನ್ನು ಕರ್ಪೂರ, ಹತ್ತಿಬತ್ತಿ, ಕಾಗದದ ತಟ್ಟೆ, ಪೆನ್ಸಿಲ್ ಪ್ಯಾಕಿಂಗ್ ಎಲ್ಲದಕ್ಕೂ ಹಚ್ಚಬಹುದು.

ಮುಂಗಡವನ್ನು ಅವರು ಹಿಂದಿರುಗಿಸದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ನಿಮಗಿದೆ. ವ್ಯಾಪಾರಕ್ಕಾಗಿ ಕೊಂಡವರು ಗ್ರಾಹಕರಲ್ಲ ಎಂದು ಕಂಪನಿಯವರು ವಾದಿಸುತ್ತಾರೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕೆಂದೇ ವಸ್ತು ಕೊಂಡು ತಾನೇ ಬಳಸುವವರನ್ನು ಗ್ರಾಹಕರೆಂದೇ ಪರಿಗಣಿಸುತ್ತದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ದೂರಲು ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಮುಂಗಡದ ರಸೀದಿ ಇಲ್ಲವೆಂದರೆ ಇವತ್ತೇ ಕೇಳಿ ಪಡೆಯಿರಿ.

ಪ್ರಶ್ನೆ: ಮಗ ಪದವಿ ಓದುತ್ತಿದ್ದಾನೆ. ಅವನ ಬ್ಯಾಂಕ್ ಖಾತೆಗೆ ಯಾರೋ ದುಡ್ಡು ಹಾಕುತ್ತಾರೆ, ಅವರು ಹೇಳಿದ ಖಾತೆಗೆ ಅದನ್ನು ಇವನು ಕಳಿಸಿದರೆ ನೂರಕ್ಕೆ ಎರಡು ರೂಪಾಯಿ ಕಮಿಷನ್ ಕೊಡುತ್ತಾರಂತೆ. ಮನೆಯಲ್ಲೇ ಕೂತು ಮಾಡುವ ಕೆಲಸ ಎನ್ನುತ್ತಾನೆ. — ಸಿಂದಗಿ

ಉತ್ತರ: ಇದು ಕೆಲಸವಲ್ಲ, ಅಪರಾಧದ ಹಣವನ್ನು ಸಾಗಿಸುವುದು. ಮೇಲೆ ಜಮಖಂಡಿಯ ಸೋದರಿಯಂಥವರು ಕಳೆದುಕೊಂಡ ಹಣವೇ ಇಂಥ ಖಾತೆಗಳ ಮೂಲಕ ಹರಿದು ಮಾಯವಾಗುತ್ತದೆ. ದೂರು ಎಲ್ಲಿ ದಾಖಲಾದರೂ ಮೊದಲು ಸಿಕ್ಕಿಬೀಳುವವನು ಖಾತೆಯ ಒಡೆಯ, ಏಕೆಂದರೆ ಹೆಸರು, ಆಧಾರ್, ಫೋನ್ ನಂಬರು ಎಲ್ಲವೂ ಅವನದೇ. ಬೇರೆ ರಾಜ್ಯದ ಪೊಲೀಸರು ಸಿಂದಗಿಗೆ ಬಂದು ವಿಚಾರಿಸಬಹುದು, ಖಾತೆ ಸ್ಥಗಿತವಾಗಬಹುದು, ಪ್ರಕರಣವಾದರೆ ನಾಳೆ ಸರ್ಕಾರಿ ನೌಕರಿಯ ಪರಿಶೀಲನೆಯಲ್ಲಿ ಅದು ಎದ್ದು ನಿಲ್ಲಬಹುದು. ಇವತ್ತೇ ನಿಲ್ಲಿಸಲು ಹೇಳಿ. ಈಗಾಗಲೇ ಹಣ ಬಂದಿದ್ದರೆ ಅದನ್ನು ಯಾರಿಗೂ ಕಳಿಸದೆ, ಮಗನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಲಿಖಿತವಾಗಿ ತಿಳಿಸಿ, ಆನಂತರ ವಕೀಲರೊಬ್ಬರ ಜೊತೆ ವಿಜಯಪುರದ ಸಿಇಎನ್ ಠಾಣೆಗೆ ಹೋಗಿ. ಪೊಲೀಸರು ಹುಡುಕಿಕೊಂಡು ಬರುವ ಮೊದಲು ನೀವೇ ಹೋಗುವುದು ಅವನಿಗೆ ಒಳ್ಳೆಯದು. ವಿಡಿಯೊಗಳಿಗೆ ಲೈಕ್ ಒತ್ತಿದರೆ 150 ರೂಪಾಯಿ ಎಂದು ಮೊದಲು ಕೊಟ್ಟು, ಆಮೇಲೆ 'ಟಾಸ್ಕ್' ಹೆಸರಿನಲ್ಲಿ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವ ಟೆಲಿಗ್ರಾಮ್ ಗುಂಪುಗಳಿಂದಲೂ ಅವನನ್ನು ದೂರವಿಡಿ.

ಪ್ರಶ್ನೆ: ನಮ್ಮದು ಖಣ ನೇಯುವ ಮನೆತನ. ಮಾವನವರು ಇನ್ನೂ ಮಗ್ಗದ ಮೇಲೆ ಕೂಡುತ್ತಾರೆ, ನಾನು ಕಂಡಿಕೆ ಸುತ್ತಿಕೊಡುತ್ತೇನೆ. ಅದರಿಂದ ಮನೆ ನಡೆಯುತ್ತಿಲ್ಲ. ನನಗೆ ಹೊಲಿಗೆ ಬರುತ್ತದೆ. — ಗುಳೇದಗುಡ್ಡ

ಉತ್ತರ: ನಿಮ್ಮ ಮನೆಯಲ್ಲಿಯೇ ಬಟ್ಟೆ ಹುಟ್ಟುತ್ತದೆ, ನಿಮ್ಮ ಕೈಗೆ ಹೊಲಿಗೆ ಬರುತ್ತದೆ. ಮಾವನವರು ನೇಯ್ದ ಖಣವನ್ನು ಪೂರ್ತಿಯಾಗಿ ವ್ಯಾಪಾರಸ್ಥರಿಗೆ ಕೊಟ್ಟುಬಿಡುವ ಬದಲು ತಿಂಗಳಿಗೆ ಒಂದಿಷ್ಟು ಗಜ ನಿಮಗಾಗಿ ಉಳಿಸಿಕೊಳ್ಳಬಹುದೇ ಎಂದು ಮಾತಾಡಿ. ಕುಪ್ಪಸಕ್ಕೆ ಮಾತ್ರ ಬಳಕೆಯಾಗುತ್ತಿದ್ದ ಖಣದಿಂದ ಈಗ ಕೈಚೀಲ, ಪರ್ಸು, ಮಕ್ಕಳ ಅಂಗಿ, ದಿಂಬಿನ ಕವಚ ಎಲ್ಲವನ್ನೂ ಹೊಲಿಯುತ್ತಾರೆ. ಖಣದ ಪನ್ನ ಕಿರಿದು, ಎರಡು ಬದಿಗೂ ಅಂಚು ಇರುತ್ತದೆ. ಹಾಗಾಗಿ ದೊಡ್ಡ ಉಡುಪಿಗಿಂತ ಅಂಚನ್ನೇ ಅಂದವಾಗಿ ಬಳಸಿಕೊಳ್ಳುವ ಚಿಕ್ಕ ವಸ್ತುಗಳಲ್ಲಿ ಚೂರು ಕಡಿಮೆ ಉಳಿದು ಲಾಭ ಹೆಚ್ಚುತ್ತದೆ. ಕೈಚೀಲಕ್ಕೆ ಅಸ್ತರು ಮತ್ತು ಜಿಪ್ಪು ಗಟ್ಟಿಯದನ್ನೇ ಹಾಕಿ. ಗಿರಾಕಿ ಎರಡನೆಯ ಸಲ ಬರುವುದು ಜಿಪ್ಪು ಕಿತ್ತುಬಾರದಿದ್ದರೆ ಮಾತ್ರ. ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಬರುವ ಪ್ರವಾಸಿಗರು ನಿಮ್ಮ ಊರಿನಿಂದ ದೂರವಿಲ್ಲ. ಅಲ್ಲಿನ ಅಂಗಡಿ, ಹೋಟೆಲುಗಳಲ್ಲಿ ಹತ್ತು ಚೀಲ ಇಟ್ಟು ನೋಡಿ. ಮಾರಾಟವಾದ ಮೇಲೆ ದುಡ್ಡು ಎಂಬ ಷರತ್ತಿನಲ್ಲಿ ಇಟ್ಟರೆ ಕೊಟ್ಟ ಮಾಲಿಗೆ ಸಹಿ ಹಾಕಿಸಿಕೊಳ್ಳಿ.

ಅದು ಕೈಹತ್ತುವವರೆಗೆ ನಿತ್ಯದ ಖರ್ಚಿಗೆ ಇಳಕಲ್ಲ ಸೀರೆ ಅಂಗಡಿಗಳಿಂದ ಫಾಲ್, ಪಿಕೊ, ಸೆರಗಿಗೆ ಕುಚ್ಚು ಕಟ್ಟುವ ಕೆಲಸವನ್ನು ಹಿಡಿಯಿರಿ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಇದೆ. ತರಬೇತಿ, ತರಬೇತಿಯ ದಿನಗಳಿಗೆ 500 ರೂಪಾಯಿಯಂತೆ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಮೊದಲ ಹಂತದಲ್ಲಿ ಶೇಕಡಾ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ ಅದರಲ್ಲಿವೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ತರಬೇತಿ ಸಂಸ್ಥೆ ರುಡ್‌ಸೆಟಿಯ ಮಾದರಿಯೇ ಇವತ್ತು ದೇಶದ ಜಿಲ್ಲೆಗಳಿಗೆಲ್ಲ ಹರಡಿದೆ. ಮಾವನವರ ಹೆಸರಿನಲ್ಲಿ ನೇಕಾರ ಸಮ್ಮಾನ್ ಯೋಜನೆಯ ವಾರ್ಷಿಕ ನೆರವು ಬರುತ್ತಿದೆಯೇ ಎಂದು ಕೈಮಗ್ಗ ಮತ್ತು ಜವಳಿ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ಮನೆಯಲ್ಲೇ ಟ್ಯೂಷನ್ ಮತ್ತು ಟೈಪಿಂಗ್ ಮಾಡುವವರು ಎಲ್ಲೆಲ್ಲಿ ನೋಂದಾಯಿಸಬೇಕು? ಉದ್ಯಮ್ ಪ್ರಮಾಣಪತ್ರಕ್ಕೆ 3,000 ರೂಪಾಯಿ ಕೇಳುತ್ತಿದ್ದಾರೆ. — ಚಿಕ್ಕೋಡಿ

ಉತ್ತರ: 2020ರ ಜುಲೈ 1ರಿಂದ ಜಾರಿಗೆ ಬಂದ, ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ದುಡ್ಡು ಕೀಳುತ್ತವೆ, ಆದ್ದರಿಂದ ವಿಳಾಸ ಗವ್.ಇನ್ ಎಂದು ಕೊನೆಗೊಳ್ಳುತ್ತದೆಯೇ ಎಂದು ನೋಡಿ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿಯೂ ಉಚಿತ, 16ರಿಂದ 59 ವರ್ಷದವರು ಮಾಡಿಸಬಹುದು. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಟೈಪಿಂಗ್ ಕೆಲಸ ಕೊಟ್ಟ ಸಂಸ್ಥೆಯವರು ನಿಮ್ಮ ಹಣದಲ್ಲಿ ಟಿಡಿಎಸ್ (ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಮುರಿದುಕೊಂಡಿದ್ದರೆ, ನಿಮ್ಮ ಆದಾಯ ತೆರಿಗೆಯ ಮಿತಿಯೊಳಗಿದ್ದರೂ ರಿಟರ್ನ್ಸ್ ಸಲ್ಲಿಸಿ ಅದನ್ನು ವಾಪಸು ಪಡೆಯಿರಿ. ಪ್ಯಾನ್ ಕೊಡದಿದ್ದರೆ ಹೆಚ್ಚು ದರದಲ್ಲಿ ಮುರಿಯುತ್ತಾರೆ. ಟ್ಯೂಷನ್ ಫೀ ನಗದಾಗಿ ಬಂದರೂ ಒಂದು ವಹಿಯಲ್ಲಿ ದಿನಾಂಕ ಸಹಿತ ಬರೆದಿಡಿ, ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಆ ವಹಿಯನ್ನೂ ಖಾತೆಯ ವಿವರವನ್ನೂ ಮುಂದಿಡಬಹುದು.